ಅಗಲ ಟಾಯರಿನ ಮುಂಗಾರು

ಹೋದ ತಿಂಗಳು ಕುಷ್ಟಗಿಯಿಂದ ವಾಪಸು ಬರುವಾಗ ನಮ್ಮ ಬಸ್ಸು ಏರಿನಲ್ಲಿ ಒಂದು ಲಾರಿಯ ಹಿಂದೆ ಸಿಕ್ಕಿಕೊಂಡಿತು. ಕಲ್ಲು ಹೇರಿಕೊಂಡಿದ್ದ ಲಾರಿ, ಏದುತ್ತ ಒಂದೊಂದೇ ಮಾರು ಮೇಲೇರುತ್ತಿತ್ತು. ಕಿಟಕಿಯಿಂದ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಒಳಗೆ ಬಂತು. ಮುಂದಿನ ಸೀಟಿನ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಇಪ್ಪತ್ನಾಲ್ಕು ವರ್ಷ ಸೇನೆಯಲ್ಲಿ ವಾಹನ ದುರಸ್ತಿ ಮಾಡಿದ ನನಗೆ ಅದು ದಿನನಿತ್ಯದ ವಾಸನೆಯಾಗಿತ್ತು. ಈಗ ಅದು ಮೂಗಿಗೆ ಬಡಿದರೆ ಸೇನೆ ನೆನಪಾಗುವುದಿಲ್ಲ. ಮೂರು ವರ್ಷದ ಹಿಂದಿನ ಮುಂಗಾರು ನೆನಪಾಗುತ್ತದೆ. ಯಲಬುರ್ಗಾ ಸೀಮೆಯ ಕಪ್ಪು ಎರೆ ಮಣ್ಣಿನ ಹೊಲ, ಅದರ ನಡುವೆ ನಿಂತುಹೋದ ನನ್ನ ಜೀಪು, ಅದರಿಂದ ಮೂರು ಕಿಲೋಮೀಟರ್ ಆಚೆ ಮಳೆಯಲ್ಲಿ ನಿಂತಿದ್ದ ತಂಗಿಯ ಕುರಿಗಳು.

ನನ್ನ ಮನೆ ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ. ನಾಲ್ಕೂವರೆಗೆ ಏಳುತ್ತೇನೆ, ಐದಕ್ಕೆ ನಡಿಗೆ, ಆರಕ್ಕೆ ಚಹಾ. ಹವಾಲ್ದಾರನಾಗಿ ನಿವೃತ್ತನಾದ ಮೇಲೂ ಇದರಲ್ಲಿ ಐದು ನಿಮಿಷ ಆಚೀಚೆ ಆಗಿಲ್ಲ. ನಮ್ಮಪ್ಪ ಕುರಿ ಕಾಯ್ದವನು. ನಾನು ಹತ್ತೊಂಬತ್ತಕ್ಕೆ ಸೇನೆ ಸೇರಿ ಕುರಿಯ ದಾರಿ ಬಿಟ್ಟೆ. ತಂಗಿ ನಾಗವ್ವನ ಮದುವೆಯಲ್ಲಿ ಅಪ್ಪ ಹನ್ನೆರಡು ಕರಿ ಕುರಿಗಳನ್ನು ಬಳುವಳಿ ಕೊಟ್ಟ. ತವರಿನಿಂದ ಹೆಣ್ಣುಮಗಳ ಜೊತೆ ಹೋಗುವ ಆ ಕುರಿಗಳೂ ಅವುಗಳ ಸಂತಾನವೂ ಅವಳವೇ. ಗಂಡನಾದರೂ ಅವಳನ್ನು ಕೇಳದೆ ಮಾರುವಂತಿಲ್ಲ. ಅಪ್ಪ ತೀರಿಹೋದಾಗ ಉಳಿದ ಹಿಂಡನ್ನು ಮಾರಿದೆವು. ಹಾಗಾಗಿ ಅಪ್ಪನ ಕುರಿ ಎಂದು ಭೂಮಿಯ ಮೇಲೆ ಉಳಿದದ್ದು ನಾಗವ್ವನ ಹಿಂಡಿನಲ್ಲಿ ಮಾತ್ರ. ಆ ಮುಂಗಾರಿನ ವರ್ಷ ಅದರಲ್ಲಿ ನೂರ ನಲವತ್ತು ತಲೆ ಇದ್ದವು.

ನಾಗವ್ವನ ಗಂಡ ಯಮನಪ್ಪ ಮಾತು ಕಡಿಮೆಯ ಮನುಷ್ಯ. ಸುಗ್ಗಿ ಮುಗಿದ ಮೇಲೆ ಅವರಿಬ್ಬರೂ ಹಿಂಡನ್ನು ಯಲಬುರ್ಗಾ ಕಡೆಯ ಎರೆ ಹೊಲಗಳಿಗೆ ಇಳಿಸುತ್ತಿದ್ದರು. ರೈತರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಬದಲಿಗೆ ಜೋಳ ಕೊಡುತ್ತಾರೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನವೇ ಹಿಂಡು ಎರೆ ಬಿಟ್ಟು ಇರಕಲ್ಲಗಡದ ಗುಡ್ಡದ, ನೀರು ನಿಲ್ಲದ ಕೆಂಪು ಮಸಾರಿ ನೆಲಕ್ಕೆ ಏರುತ್ತದೆ. ಹಸಿ ಎರೆಯಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಮಳೆ ಬಂತು, ಕುರಿ ಕೂಡುವ ಬಲೆ ಸುತ್ತಿದರು, ನಡೆದರು, ಅಷ್ಟೇ.

ನಾಗವ್ವ ಎಲ್ಲದಕ್ಕೂ ನನ್ನನ್ನು ಕೇಳುತ್ತಿದ್ದಳು. ಟಗರು ಯಾವಾಗ ಮಾರಬೇಕು, ಮಗಳನ್ನು ಯಾವ ಸಾಲಿಗೆ ಹಾಕಬೇಕು, ಮೊಣಕಾಲು ನೋವಿಗೆ ಯಾವ ದವಾಖಾನೆ. ಫೋನು ಮಾಡಿ, “ಅಣ್ಣಾ, ನೀ ಏನಂತಿ?” ಅನ್ನುವಳು. ನಾನು ಹೇಳುತ್ತಿದ್ದೆ. ನಾನು ಹೇಳಿದ್ದೇ ಆಗುತ್ತಿತ್ತು.

ಜೀಪಿನ ಯೋಚನೆ ಬಂದದ್ದು ಆ ಮುಂಗಾರಿನ ಹಿಂದಿನ ವರ್ಷ. ಮಳೆಗಾಲದಲ್ಲಿ ನೀಲಿ ನಾಲಿಗೆ ರೋಗ ಬಿದ್ದು ನಾಗವ್ವನ ಮೂವತ್ತು ಕುರಿ ಸತ್ತವು. ಕುರಿಯ ತುಟಿ ಬಾತು, ನಾಲಿಗೆ ನೀಲಿಗಟ್ಟಿ, ಮೇವು ಬಿಟ್ಟು ಸಾಯುವ ರೋಗ ಅದು. ಮಳೆಗೆ ಮುಂಚೆ ಒಂದು ಸೂಜಿ, ನಾಲ್ಕು ವಾರಕ್ಕೆ ಮತ್ತೊಂದು ಹಾಕಿದರೆ ತಡೆಯಬಹುದಿತ್ತು. ಆ ಭಾಗ ನೋಡಿಕೊಳ್ಳುತ್ತಿದ್ದ ದನದ ಡಾಕ್ಟರು ಶರಣಪ್ಪನವರು ನನಗೆ ಹಳೆಯ ಪರಿಚಯ. ಬೈಸಿಕಲ್ಲಿಗೂ ಆಗದ ದಾರಿಯಲ್ಲಿ ಮೋಟರ್‌ ಸೈಕಲ್ ಮೇಲೆ ಐಸು ಪೆಟ್ಟಿಗೆ ಕಟ್ಟಿಕೊಂಡು ಕುರಿಗಾರರು ಬೀಡುಬಿಟ್ಟ ಹಟ್ಟಿ ಹುಡುಕುವುದು ತಮ್ಮಿಂದ ಆಗದು, ಎರಡನೇ ಸೂಜಿಯ ಹೊತ್ತಿಗೆ ಮಳೆ ಬಂದಿರುತ್ತದೆ, ಯಾರ ಹಟ್ಟಿ ಎಲ್ಲಿದೆಯೋ ತಿಳಿಯುವುದಿಲ್ಲ ಎಂದು ಅವರು ಕೈಚೆಲ್ಲಿದರು. ಗಾಡಿ ನಾನು ಕೊಡುತ್ತೇನೆ, ಸೂಜಿ ನೀವು ಹಾಕಿ ಎಂದೆ.

ಗುತ್ತಿಗೆದಾರರೊಬ್ಬರ ಶೆಡ್ಡಿನ ಹಿಂದೆ ಒಂದು ಹಳೆಯ ಡೀಸೆಲ್ ಜೀಪು ಬಿದ್ದಿತ್ತು. ನಾಲ್ಕೂ ಗಾಲಿಗೆ ಎಳೆತ ಕೊಡುವ ಗಾಡಿ. ಆ ಎಳೆತ ಕೂಡಿಸುವ ಲಿವರ್ ಮಾತ್ರ ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಅದೇ ಕಾರಣಕ್ಕೆ ಪಿಂಚಣಿದಾರನ ಕೈಗೆಟುಕುವ ಬೆಲೆಗೆ ಸಿಕ್ಕಿತು. ಎಳೆದು ತಂದು ಭಾಗ್ಯನಗರದ ವಿರೂಪಾಕ್ಷಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಐವತ್ತು ದಾಟಿದ ವೆಲ್ಡರು, ಕೈ ಭಾಳ ಸಾಫು, ನಾಲಿಗೆ ಅಷ್ಟು ಸಾಫಲ್ಲ.

“ಹವಾಲ್ದಾರ್ರ, ಇದನ್ನ ದುರಸ್ತಿ ಮಾಡೂದೋ, ತಿಥಿ ಮಾಡೂದೋ?” ಎಂದ.

ಚಳಿಗಾಲ ಪೂರ್ತಿ ನಾವಿಬ್ಬರೂ ಅದರ ಮೇಲೆ ಕೆಲಸ ಮಾಡಿದೆವು. ಬೆಳಿಗ್ಗೆ ಏಳರಿಂದ ಹತ್ತು. ಹೊಸದು ಕೊಳ್ಳುವ ಮಾತಿರಲಿಲ್ಲ. ಲಿವರಿನ ಪೆಟ್ಟಿಗೆ ಬಿಚ್ಚಿ ಡೀಸೆಲ್‌ನಲ್ಲಿ ನೆನೆಸಿ ತಿಕ್ಕಿದೆವು. ಮುಂದಿನ ಗಾಲಿಗೆ ಹೋಗುವ ಶಾಫ್ಟಿನ ಕ್ರಾಸುಗಳನ್ನು ಬದಲಿಸಿದೆವು. ಗುಜರಿಯಿಂದ ತಂದ ಒಂದೊಂದು ಪಟ್ಟಿಯನ್ನು ಕಮಾನು ಸ್ಪ್ರಿಂಗುಗಳಿಗೆ ಸೇರಿಸಿ ಗಾಡಿಯನ್ನು ನಾಲ್ಕು ಬೆರಳು ಎತ್ತರಿಸಿದೆವು. ಎತ್ತರಿಸಿದ್ದಕ್ಕೆ ತಕ್ಕಂತೆ ಬ್ರೇಕಿನ ಪೈಪುಗಳನ್ನೂ ಉದ್ದ ಮಾಡಿದೆವು. ಹಳ್ಳ ದಾಟುವಾಗ ಎಂಜಿನ್ನಿಗೆ ನೀರು ಹೋಗದಂತೆ ಹಳೆಯ ಸೈಲೆನ್ಸರ್ ಪೈಪು ಬಗ್ಗಿಸಿ ಅದು ಗಾಳಿ ಎಳೆಯುವ ಬಾಯಿಯನ್ನು ಗಾಡಿಯ ಛಾವಣಿಯ ಎತ್ತರಕ್ಕೆ ಒಯ್ದೆವು. ಗಾಲಿಯ ನಡುವಿನ ಗೇರು ಪೆಟ್ಟಿಗೆಗಳು ಉಸಿರಾಡುವ ತೂತಿಗೆ ಶರಣಪ್ಪನವರು ಕೊಟ್ಟ ಸಲೈನ್ ನಳಿಕೆ ಸಿಕ್ಕಿಸಿ ಮೇಲಕ್ಕೆ ಕಟ್ಟಿದೆವು. ಗ್ಯಾರೇಜಿನಲ್ಲಿ ಎಂಜಿನ್ ಎತ್ತುವ ಚೈನ್ ಪುಲ್ಲಿಯೊಂದನ್ನು, ಉಕ್ಕಿನ ಹಗ್ಗದೊಂದಿಗೆ, ಸಿಕ್ಕಿಬಿದ್ದರೆ ಎಳೆದುಕೊಳ್ಳಲು ಹಿಂದೆ ಹಾಕಿದೆವು. ಜಾಕು ಮಣ್ಣಿನಲ್ಲಿ ಇಳಿಯಬಾರದೆಂದು ಎರಡು ಅಡಿಯ ಹಲಗೆ. ಪಿಕಾಸಿ, ಸಲಿಕೆ, ಹಾರೆ. ಒಂದೊಂದಕ್ಕೂ ಜಾಗ ಗೊತ್ತುಮಾಡಿ ಬಣ್ಣದಲ್ಲಿ ನಂಬರು ಬರೆದೆ.

ನನ್ನ ಹೆಂಡತಿ ಶಾಂತವ್ವ ಒಮ್ಮೆ ಚಹಾ ತಂದವಳು ಆ ನಂಬರುಗಳನ್ನು ನೋಡಿ, ಮನೆಯ ಡಬ್ಬಿಗಳಿಗೂ ಹೀಗೆ ಬರೆದುಬಿಡಿ, ನಾನು ಸತ್ತರೆ ಉಪ್ಪು ಎಲ್ಲಿದೆ ಅಂತ ಹುಡುಕುವುದು ತಪ್ಪುತ್ತದೆ ಎಂದಳು. ವಿರೂಪಾಕ್ಷಿ ನಕ್ಕು ವೆಲ್ಡಿಂಗ್ ಕನ್ನಡಿ ಕೆಳಗಿಟ್ಟ.

ಕೊನೆಗೆ ಟಾಯರು. ಗಾಡಿಗೆ ಮೊದಲಿದ್ದವು ಸಣ್ಣ ಅಗಲದವು, ಸವೆದಿದ್ದವು. ಗಂಗಾವತಿಯಲ್ಲಿ ಹಳೆಯ ಟಾಯರು ಮಾರುವವನೊಬ್ಬನ ಬಳಿ ದಪ್ಪ ಹಲ್ಲಿನ, ಒಂದು ಗೇಣಿಗಿಂತ ಅಗಲದ ಐದು ಟಾಯರು ಒಟ್ಟಿಗೆ ಸಿಕ್ಕವು. ನಾನು ರಾಜಸ್ಥಾನದ ಮರಳಿನಲ್ಲಿ ಆರು ವರ್ಷ ಕಳೆದವನು. ಟಾಯರು ಅಗಲವಾದಷ್ಟೂ ಗಾಡಿಯ ಭಾರ ಹರಡುತ್ತದೆ, ಗಾಳಿ ಕಡಿಮೆ ಮಾಡಿದರೆ ಇನ್ನೂ ಹರಡುತ್ತದೆ, ಗಾಡಿ ಹೂಳುವುದಿಲ್ಲ. ಅದು ನನಗೆ ಅ ಆ ಇ ಈ ಇದ್ದಂತೆ. ಕಣ್ಣು ಮುಚ್ಚಿ ತಂದೆ. ಅಗಲ ಟಾಯರಿನಲ್ಲಿ ಗಾಡಿ ಎಷ್ಟು ಚೆಂದ ಕಂಡಿತೆಂದರೆ ಬೀದಿಯವರು ನಿಂತು ನೋಡಿದರು. ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ಜಾಗ ಉಳಿದಿತ್ತು. ಸಾಕೆನಿಸಿತು.

ಏಪ್ರಿಲ್‌ನಲ್ಲಿ ಪರೀಕ್ಷೆ. ಇರಕಲ್ಲಗಡದ ಗುಡ್ಡದ ಕಲ್ಲುದಾರಿ ಹತ್ತಿಸಿದೆ. ಹುಲಿಹೈದರದ ಕಡೆ ಬಂಡೆಗಳ ನಡುವಿನ ಮರಳು ಹಳ್ಳದಲ್ಲಿ ಬೇಕೆಂದೇ ಗಾಡಿ ಹೂಳಿಸಿ, ಬಂಡೆಗೆ ಉಕ್ಕಿನ ಹಗ್ಗ ಸುತ್ತಿ, ಚೈನ್ ಪುಲ್ಲಿಯಿಂದ ಒಬ್ಬನೇ ಅರ್ಧ ಗಂಟೆಯಲ್ಲಿ ಎಳೆದುಕೊಂಡೆ. ಎಲ್ಲವನ್ನೂ ವಹಿಯಲ್ಲಿ ಬರೆದು ಗುರುತು ಹಾಕಿದೆ. ಉರಿ ಬಿಸಿಲಿತ್ತು. ನೆಲ ಕಬ್ಬಿಣದಂತಿತ್ತು. ಹಸಿ ಎರೆಯಲ್ಲಿ ಒಂದು ಮಾರಾದರೂ ಓಡಿಸಿ ನೋಡಬೇಕಿತ್ತು. ಹಸಿ ಎರೆ ಆಗ ಎಲ್ಲಿಯೂ ಇರಲಿಲ್ಲ ಎನ್ನುವುದು ನಿಜ; ಅದು ನೆಪವೂ ಹೌದು. ನೀರು ಬಿಟ್ಟ ಒಂದು ಹೊಲವನ್ನು ಕೇಳಿ ಪಡೆಯಬಹುದಿತ್ತು.

ಮೇ ಕೊನೆಯಲ್ಲಿ ಶರಣಪ್ಪನವರೂ ನಾನೂ ಏಳು ಹಟ್ಟಿಗಳಿಗೆ ಮೊದಲ ಸೂಜಿ ಹಾಕಿದೆವು. ಒಣ ನೆಲದ ಮೇಲೆ ಜೀಪು ಮದುಮಗನಂತೆ ಓಡಿತು. ನಾಗವ್ವನ ಹಟ್ಟಿಯಲ್ಲಿ ಜೋಳದ ರೊಟ್ಟಿ, ಕುರಿ ಹಾಲಿನ ಚಹಾ ಆಯಿತು. ಯಮನಪ್ಪ ಗಾಡಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತ. ಟಾಯರಿನ ಮೇಲೆ ಅಂಗೈ ಅಡ್ಡವಾಗಿ ಇಟ್ಟು ಅಗಲ ಅಳೆದ.

“ಭಾಳ ಅಗಲ ಅದಾವ್ರಿ. ಬಂಡಿ ಗಾಲಿ ಯಾಕ ಸಣ್ಣವು ಇರ್ತಾವ? ಕೊಯ್ಕೊಂಡು ತಳಕ್ಕ ಹೋಗಿ ಗಟ್ಟಿ ಮುಟ್ಟತಾವ. ಇದು ಎರಿ ಮಣ್ಣನ್ನ ತಬ್ಬಿಕೊಂತೈತಿ.”

ನಾನು ಅವನಿಗೆ ಭಾರ ಹರಡುವ ಲೆಕ್ಕ ವಿವರಿಸಿದೆ. ರಾಜಸ್ಥಾನದ ಮಾತು ಹೇಳಿದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ. ಎದ್ದು ಧೋತರ ಕೊಡವಿ, “ನೀವು ಕಲತವರು” ಎಂದು ಕುರಿಯ ಕಡೆ ಹೋದ. ಆಗ ಅದು ನನಗೆ ಹೊಗಳಿಕೆಯಾಗಿ ಕೇಳಿಸಿತು.

ಎರಡನೇ ಸೂಜಿಗೆ ನಾನೇ ಪಟ್ಟಿ ಬರೆದೆ. ಯಾವ ದಿನ, ಯಾವ ಹೊತ್ತು, ಯಾವ ಹಟ್ಟಿ, ಯಾವ ಹೊಲ. ಏಳು ಹಟ್ಟಿಯವರಿಗೂ ಫೋನಿನಲ್ಲಿ ಹೇಳಿದೆ. ನಾಗವ್ವನದು ಮೊದಲನೆಯದು: ಬುಧವಾರ, ಬೆಳಿಗ್ಗೆ ಆರು. ಎಲ್ಲರೂ ಆಯಿತು ಎಂದರು. ಮಳೆ ಬಂದರೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಳೆಗೆಂದೇ ಅಲ್ಲವೇ ಗಾಡಿ ಕಟ್ಟಿದ್ದು?

ಮಳೆ ಶನಿವಾರ ಸಂಜೆ ಹಿಡಿಯಿತು. ನಮ್ಮ ಸೀಮೆಯ ಮಳೆ ಗುಡುಗಿ ಅರ್ಧ ತಾಸಿನಲ್ಲಿ ಮುಗಿಯುವಂಥದು. ಇದು ಹಾಗಿರಲಿಲ್ಲ. ಗುಡುಗಿಲ್ಲ, ಗಾಳಿಯಿಲ್ಲ, ಸುಮ್ಮನೆ ಸುರಿಯುತ್ತಲೇ ಇತ್ತು. ರವಿವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ, ನಾಗವ್ವನ ಫೋನು ಬಂತು.

“ಅಣ್ಣಾ, ಮಳಿ ಬಿಡವಲ್ದು. ಇವರು ನಾಳೆ ನಸುಕಿನ್ಯಾಗ ಗುಡ್ಡಕ್ಕ ಏರಿಸೂಣು ಅನ್ನಾಕತ್ತಾರ. ಹಳ್ಳ ಇನ್ನೂ ಮೊಣಕಾಲಮಟ ಐತಿ, ದಾಟಬಹುದು. ನೀ ಏನಂತಿ?”

“ಬುಧವಾರ ಏನೈತಿ?” ಎಂದು ಕೇಳಿದೆ.

“ಎರಡನೇ ಸೂಜಿ.”

“ಮತ್ತ? ನಿಂತಲ್ಲೇ ನಿಲ್ರಿ. ಬುಧವಾರ ಮುಂಜಾನಿ ಆರಕ್ಕ ಗಾಡಿ ನಿಮ್ಮ ಹಟ್ಟಿ ಮುಂದ ಇರತೈತಿ.”

ಅವಳ ಹಿಂದೆ ಯಮನಪ್ಪನ ದನಿ ಕೇಳಿಸಿತು: “ಸೂಜಿ ಗುಡ್ಡದಾಗ ಹಾಕಾಕ ಬರಂಗಿಲ್ಲೇನಂತ ಕೇಳು.”

ಕೇಳಿಸಿದರೂ ಅವನಿಗೆ ಉತ್ತರ ಕೊಡಲಿಲ್ಲ. ತಂಗಿಗೆ ಹೇಳಿದೆ: “ಏಳು ಹಟ್ಟಿ ಪಟ್ಟಿ ಆಗೈತಿ ನಾಗವ್ವ. ನೀವೊಬ್ಬರು ಸರದ್ರ ಎಲ್ಲಾ ತಪ್ಪತೈತಿ.”

“ಆತು ಅಣ್ಣಾ” ಎಂದಳು. ನಾನು ಊಟ ಮುಂದುವರಿಸಿದೆ.

ಇದನ್ನು ಇಲ್ಲಿ ಬಿಡಿಸಿ ಬರೆಯಲೇಬೇಕು. ಗುಡ್ಡದ ಬುಡದವರೆಗೆ ಡಾಂಬರು ರಸ್ತೆ ಇದೆ. ಅವರು ಅಲ್ಲಿಗೆ ಏರಿದ್ದರೆ ಜೀಪೇ ಬೇಕಿರಲಿಲ್ಲ. ಶರಣಪ್ಪನವರು ಮೋಟರ್‌ ಸೈಕಲ್ ಮೇಲೆ ಒಬ್ಬರೇ ಹೋಗಿ ಸೂಜಿ ಹಾಕಿ ಬರಬಹುದಿತ್ತು. ಅದು ನನಗೆ ಆ ಕ್ಷಣದಲ್ಲಿ ಗೊತ್ತಿತ್ತು. ಪಟ್ಟಿ ತಪ್ಪುತ್ತದೆ ಎಂದದ್ದು ಅರ್ಧ ನಿಜ. ಉಳಿದ ಅರ್ಧವೆಂದರೆ, ಒಂದು ಚಳಿಗಾಲ ಒಂದು ಬೇಸಿಗೆ ಕೂತು ಕೆಸರಿಗಾಗಿ ಕಟ್ಟಿದ ಗಾಡಿ ಕೆಸರಿನಲ್ಲಿ ಹೋಗುವುದನ್ನು ನಾನು ನೋಡಬೇಕಿತ್ತು, ಅವರೂ ನೋಡಬೇಕಿತ್ತು.

ಸೋಮವಾರ, ಮಂಗಳವಾರ ಮಳೆ ನಿಲ್ಲಲಿಲ್ಲ. ನಾಗವ್ವನ ಫೋನು ಬಂದ್ ಆಗಿತ್ತು. ಅವರು ಅದನ್ನು ಬಿಸಿಲಿನ ಪ್ಲೇಟಿನಿಂದ ಚಾರ್ಜು ಮಾಡುತ್ತಿದ್ದರು. ಮೂರು ದಿನದಿಂದ ಬಿಸಿಲೇ ಇರಲಿಲ್ಲ.

ಬುಧವಾರ ಐದಕ್ಕೆ ಹೊರಟೆವು. ಶರಣಪ್ಪನವರ ಮಡಿಲಲ್ಲಿ ಐಸು ಪೆಟ್ಟಿಗೆ. ಡಾಂಬರು ಬಿಟ್ಟು ಬಂಡಿದಾರಿಗೆ ಇಳಿದಾಗ ಆರಕ್ಕೆ ಹತ್ತು ನಿಮಿಷ ಇತ್ತು. ಅಲ್ಲಿಂದ ಹಟ್ಟಿಗೆ ನಾಲ್ಕು ಕಿಲೋಮೀಟರ್. ಇಳಿದು ಟಾಯರಿನ ಗಾಳಿ ಕಡಿಮೆ ಮಾಡಿದೆ, ಲಿವರ್ ಹಾಕಿದೆ. ನಾಲ್ಕೂ ಗಾಲಿ ಕೂಡಿಕೊಂಡದ್ದು ಕೈಗೆ ತಿಳಿಯಿತು. ಗಾಡಿ ಸರಾಗ ಹೊರಟಿತು. ಶರಣಪ್ಪನವರು, ಭಲೇ ಹವಾಲ್ದಾರ್ರ ಎಂದರು.

ಒಂದು ಕಿಲೋಮೀಟರ್ ಹೋದೆವು. ಆಮೇಲೆ ಸ್ಟೇರಿಂಗು ಭಾರವಾಯಿತು. ಗೇರು ಇಳಿಸಿದೆ. ಎಂಜಿನ್ ಕೂಗಿತು, ಗಾಡಿ ನಿಂತಿತು. ಇಳಿದು ನೋಡಿದರೆ ಟಾಯರೇ ಕಾಣಲಿಲ್ಲ. ದಪ್ಪ ಹಲ್ಲುಗಳು ಹೊಲದ ಎರೆಯನ್ನು ಸುತ್ತಿ ಸುತ್ತಿ ಮೇಲಕ್ಕೆ ಒಯ್ದು, ಮೂರು ಬೆರಳಿನ ಆ ಜಾಗದಲ್ಲಿ ಗಿಡಿದು ಗಿಡಿದು ತುಂಬಿದ್ದವು. ನಾಲ್ಕು ಗಾಲಿಯೂ ಮಡ್‌ಗಾರ್ಡಿಗೆ ಬೆಸುಗೆ ಹಾಕಿದಂತೆ ಬಿಗಿದುಕೊಂಡಿದ್ದವು. ಗಾಡಿ ಹೂತಿರಲೂ ಇಲ್ಲ. ಹೂಳದೆಯೇ ನಿಂತಿತ್ತು.

ಹಾರೆಯಿಂದ ಕೆರೆದೆವು, ಕುಡುಗೋಲಿನಿಂದ ಕೊಯ್ದೆವು, ಕೈಯಿಂದ ಬಗೆದೆವು. ಒಂದು ಗಾಲಿ ಬಿಡಿಸಲು ಅರ್ಧ ತಾಸು. ನಾಲ್ಕೂ ಬಿಡಿಸಿ ಹತ್ತು ಮಾರು ಹೋದರೆ ಮತ್ತೆ ಅದೇ. ಚೈನ್ ಪುಲ್ಲಿ ತೆಗೆದೆ. ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು ಸುತ್ತ ನೋಡಿದೆ. ಕಟ್ಟಲು ಏನೂ ಇರಲಿಲ್ಲ. ಗುಡ್ಡದಲ್ಲಿ ಹೆಜ್ಜೆಗೊಂದು ಬಂಡೆ. ಇಲ್ಲಿ ಕಣ್ಣು ಹರಿಯುವವರೆಗೂ ಕಪ್ಪು ಬಯಲು, ಒಂದು ಜಾಲಿ ಕಂಟಿ ಕೂಡ ಇಲ್ಲ. ಸೇನೆಯಲ್ಲಿ ಕಲಿಸಿದಂತೆ ಸ್ಟೆಪ್ನಿ ಗಾಲಿಯನ್ನು ಹೊಲದಲ್ಲಿ ಹೂಳಿ ಅದಕ್ಕೆ ಹಗ್ಗ ಕಟ್ಟಿ ಎಳೆದೆ. ಜೀಪು ಬರುವ ಬದಲು ಗಾಲಿ ಮಣ್ಣಿನಿಂದ ಕಿತ್ತುಕೊಂಡು ನನ್ನ ಕಡೆ ಬಂತು.

ಒಂಬತ್ತರ ಸುಮಾರಿಗೆ ಶರಣಪ್ಪನವರು ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡರು. “ನಡೀರಿ, ನಡಕೊಂಡು ಹೋಗೂಣು. ಐಸು ಕರಗಾಕತ್ತೈತಿ. ಮೂರು ಕಿಲೋಮೀಟರ್ ಐತಿ, ಮೂರು ಊರಲ್ಲ.”

“ಗಾಡಿ ಬಿಟ್ಟು ಹೋಗೂದು ನಮಗ ಕಲಿಸಿಲ್ರಿ” ಎಂದೆ.

“ಕುರಿ ಬಿಟ್ಟು ಹೋಗೂದು ಕಲಿಸ್ಯಾರೇನು?”

ಇನ್ನೊಂದು ಸಲ ನೋಡುತ್ತೇನೆ ಎಂದು ಸ್ಟೇರಿಂಗಿಗೆ ಕುಳಿತೆ. ಆ ಇನ್ನೊಂದು ಸಲ ಹನ್ನೆರಡರವರೆಗೆ ನಡೆಯಿತು. ಕೊನೆಗೆ ಬಾನೆಟ್ಟಿನ ಕೆಳಗಿಂದ ಹೊಗೆ ಎದ್ದು, ಕ್ಲಚ್ ಸುಟ್ಟ ವಾಸನೆ ಆ ಬಯಲಿನ ಒದ್ದೆ ಗಾಳಿಯಲ್ಲಿ ಹರಡಿತು. ಪೆಡಲು ಪಾದದ ಕೆಳಗೆ ಸತ್ತ ಪ್ರಾಣಿಯಂತೆ ಮೆತ್ತಗಾಯಿತು. ಆಮೇಲೆ ಗಾಡಿ ಬಿಟ್ಟು ನಡೆದೆವು.

ಬೂಟು ಹತ್ತು ಹೆಜ್ಜೆಗೆ ಕಲ್ಲಿನಷ್ಟು ಭಾರವಾಯಿತು. ಬಿಚ್ಚಿ ಕೊರಳಿಗೆ ಹಾಕಿಕೊಂಡೆ. ಮೂರು ಕಿಲೋಮೀಟರಿಗೆ ಮೂರು ತಾಸು ಹಿಡಿಯಿತು.

ಹಟ್ಟಿಯ ಬಲೆಯೊಳಗೆ ಕುರಿಗಳು ನಿಂತಿದ್ದವು. ಮೊದಲು ಕಣ್ಣಿಗೆ ಬಿದ್ದದ್ದು ಅದೇ, ಒಂದೂ ಮಲಗಿರಲಿಲ್ಲ. ಮಲಗಲು ನೆಲವಿರಲಿಲ್ಲ. ನಾಲ್ಕು ದಿನದಿಂದ ಮೊಣಕಾಲಿನವರೆಗಿನ ಕೆಸರಿನಲ್ಲಿ, ತಲೆ ಇಳಿಸಿ, ಒಂದಕ್ಕೊಂದು ಒತ್ತಿ ನಿಂತಿದ್ದವು. ಉಣ್ಣೆ ನೀರು ಕುಡಿದು ಜೋತುಬಿದ್ದಿತ್ತು. ಎಳೆ ಮರಿಗಳನ್ನು ಹೊರಸಿನ ಮೇಲೆ ಕಂಬಳಿ ಮುಚ್ಚಿ ಇಟ್ಟಿದ್ದರು, ಕೆಲವು ಅಲುಗುತ್ತಿರಲಿಲ್ಲ. ಆಚೆ ಹಳ್ಳದ ಸಪ್ಪಳ ಅಲ್ಲಿಯವರೆಗೂ ಕೇಳುತ್ತಿತ್ತು. ರವಿವಾರ ಮೊಣಕಾಲಿನಷ್ಟಿದ್ದ ಹಳ್ಳ ಈಗ ಎರಡು ಆಳು ನೀರು. ಗುಡ್ಡಕ್ಕೆ ಹೋಗುವ ದಾರಿ ಅದೊಂದೇ.

ನಾಗವ್ವ ನನ್ನ ಬರಿಗಾಲು ನೋಡಿದಳು. ನನ್ನ ಹಿಂದೆ ಬಯಲಿನ ಕಡೆ ನೋಡಿದಳು.

“ಗಾಡಿ ಎಲ್ಲೈತಿ?” ಎಂದಳು.

ನಾನು ಹೇಳಿದೆ. ಯಮನಪ್ಪ ತಲೆಗೆ ಹೊದ್ದ ಕಂಬಳಿಯ ಖೊಪ್ಪಿಯೊಳಗಿಂದ, “ಬಂದ್ರಲ್ಲ, ಕುಂದರ್ರಿ” ಎಂದ. ಅಭ್ಯಾಸದಿಂದ ಅಂದದ್ದು. ಕೂರಲು ಎಲ್ಲಿಯೂ ಜಾಗವಿರಲಿಲ್ಲ.

ಶರಣಪ್ಪನವರು ನಾಲ್ಕು ಕುರಿಗಳ ಕಾಲು ಎತ್ತಿ ನೋಡಿದರು, ಎರಡರ ಬಾಯಿ ತೆರೆದು ನೋಡಿದರು. ಪೆಟ್ಟಿಗೆ ತೆರೆದು ಕೈ ಅದ್ದಿದರು. ನೀರಾಗಿತ್ತು. ಮುಚ್ಚಿದರು.

“ಐಸು ಇದ್ರೂ ಹಾಕ್ತಿರಲಿಲ್ಲ” ಎಂದರು. “ಇವುಕ್ಕ ಈಗ ಸೂಜಿ ಚುಚ್ಚಿದ್ರ ನಾನೇ ಕೊಂದಂಗ ಆಗತೈತಿ. ಮೊದಲ ಇವು ಕಾಲೂರಾಕ ಒಣಾ ನೆಲ ಬೇಕು.”

ಒಣ ನೆಲ ಇದ್ದದ್ದು ಒಂದೇ ಕಡೆ. ಹೊಲದ ಮೂಲೆಯಲ್ಲಿ ಹಿಂದೆ ಬಾವಿ ತೋಡಿದಾಗ ಹಾಕಿದ ಕಲ್ಲುಮಣ್ಣಿನ ದಿಬ್ಬ. ಮೂವತ್ತು ಕುರಿ ಹಿಡಿಸಬಹುದು, ಹೆಚ್ಚೆಂದರೆ ಮೂವತ್ತೈದು. ನಡೆಸಿಕೊಂಡು ಹೋಗಲು ಬರುತ್ತಿರಲಿಲ್ಲ, ಗೊರಸಿನ ಸಂದು ಹುಣ್ಣಾಗಿತ್ತು. ಹೊತ್ತೇ ಒಯ್ಯಬೇಕು. ಯಾವುದನ್ನು ಒಯ್ಯುವುದು ಎಂದು ಯಮನಪ್ಪ ಹೆಂಡತಿಯ ಕಡೆ ನೋಡಿದ. ಕುರಿ ಅವಳವು.

ನಾಗವ್ವ ಬಲೆಯೊಳಗೆ ಹೋಗಿ ಒಂದೊಂದರ ಕಿವಿ ಹಿಡಿದು ಮುಖ ಮೇಲೆತ್ತಿ ನೋಡಿದಳು. “ಇದನ್ನ ಒಯ್ರಿ. ಇದನ್ನ ಬ್ಯಾಡ. ಇದು ಒಯ್ರಿ. ಅದರ ತಾಯಿ ಬ್ಯಾಡ, ಹಲ್ಲು ಹೋಗ್ಯಾವ.” ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ. ನಾವು ಮೂವರು ಗಂಡಸರು ಹೆಗಲ ಮೇಲೆ ಹೊತ್ತು ಒಯ್ದೆವು. ಒದ್ದೆ ಕುರಿ ಸಿಮೆಂಟು ಚೀಲದಷ್ಟು ಭಾರ ಬರುತ್ತದೆ. ಒಂದು ಹಣೆ ಬಿಳಿಯ ಮುದಿ ಕುರಿಯ ಮುಂದೆ ನಾಗವ್ವ ನಿಂತಳು. ಕಿವಿ ಹಿಡಿದಳು, ಬಿಟ್ಟಳು. ಮುಂದಿನದಕ್ಕೆ ಹೋದಳು. ಆ ಕುರಿ ಅವಳ ಹಿಂದೆ ಎರಡು ಹೆಜ್ಜೆ ಬಂದು ಕೆಸರಿನಲ್ಲಿ ನಿಂತುಕೊಂಡಿತು. ದಿಬ್ಬ ತುಂಬುವ ಹೊತ್ತಿಗೆ ಸಂಜೆಯಾಗಿತ್ತು. ಕೆಳಗೆ ನೂರಕ್ಕೂ ಮಿಕ್ಕಿ ಕುರಿ ಉಳಿದಿದ್ದವು. ಅವು ನಮ್ಮನ್ನೇ ನೋಡುತ್ತಿದ್ದವು ಎಂದು ನಾನು ಬರೆಯುವುದಿಲ್ಲ. ಅವುಗಳಿಗೆ ತಲೆ ಎತ್ತುವ ಶಕ್ತಿ ಇರಲಿಲ್ಲ.

ಹಳ್ಳ ಶನಿವಾರ ಇಳಿಯಿತು. ಅಷ್ಟರಲ್ಲಿ ಐವತ್ತು ಹೋಗಿದ್ದವು. ಗುಡ್ಡ ಏರುವ ದಾರಿಯಲ್ಲಿ ಹತ್ತು. ಉಳಿದವಕ್ಕೆ ಗುಡ್ಡದ ಮೇಲೆ ತುಟಿ ಬಾತಿತು. ನಾನು ಮೂರು ವಾರ ಅಲ್ಲಿಯೇ ಇದ್ದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸತ್ತದ್ದನ್ನು ಬೇರೆ ಮಾಡುವುದು, ಗುಂಡಿ ತೋಡುವುದು, ಸುಣ್ಣ ಹಾಕಿ ಮುಚ್ಚುವುದು, ಉಳಿದವುಗಳ ಬಾಯಿ ತೊಳೆದು ಗಂಜಿ ಹಾಕುವುದು. ಕೆಲಸ ತಪ್ಪದೆ ನಡೆಯಿತು. ಕೊನೆಗೆ ಮೂವತ್ತೊಂದು ಉಳಿದವು. ಹೆಚ್ಚಿನವು ದಿಬ್ಬದವು.

ಉಳಿದ ಆರು ಹಟ್ಟಿಯವರು ನನ್ನನ್ನು ಕೇಳದೆ ಸೋಮವಾರ ಬೆಳಗಿನ ಜಾವವೇ ಹಳ್ಳ ದಾಟಿ ಗುಡ್ಡ ಏರಿದ್ದರು. ಪಟ್ಟಿಗೆ ಆಯಿತು ಎಂದಿದ್ದವರೇ. ಮಳೆ ಬಂದ ಮೇಲೆ ಪಟ್ಟಿ ಲೆಕ್ಕಕ್ಕಿಲ್ಲ ಎನ್ನುವುದು ಅವರಿಗೆ ಹೇಳಬೇಕಾದ ಮಾತೇ ಆಗಿರಲಿಲ್ಲ. ಶರಣಪ್ಪನವರು ಆ ವಾರವೇ ಮೋಟರ್‌ ಸೈಕಲ್ ಮೇಲೆ ಹೋಗಿ ಎರಡು ದಿನದಲ್ಲಿ ಆರಕ್ಕೂ ಸೂಜಿ ಮುಗಿಸಿ ಬಂದರು.

ಆಷಾಢದಲ್ಲಿ ಒಂದು ದಿನ ಯಮನಪ್ಪ ಬಂಡೆಯ ಮೇಲೆ ಕುಳಿತು ಕುರಿಯ ಗೊರಸು ಹೆರೆಯುತ್ತಿದ್ದ. ನಾಗವ್ವ ನೀರಿಗೆ ಹೋಗಿದ್ದಳು. ತಪ್ಪು ನನ್ನದು ಎಂದೆ. ಟಾಯರು, ಪಟ್ಟಿ, ರವಿವಾರದ ಮಾತು ಎಲ್ಲವನ್ನೂ ಹೇಳಿದೆ. ಅವನು ಕತ್ತಿ ನಿಲ್ಲಿಸಲಿಲ್ಲ.

“ನನಗ ಗೊತ್ತಿತ್ರಿ ಹವಾಲ್ದಾರ್ರ” ಎಂದ. “ನಲವತ್ತು ಮಳಿಗಾಲ ನೋಡೀನಿ. ಗೊತ್ತಿದ್ದೂ ನಿಂತೆ. ಅಣ್ಣನ ಮಾತು ಮೀರಿದೆ ಅಂತ ಆಕಿಗೆ ಅನಸಬಾರದು ಅಂತ ನಿಂತೆ.” ಕುರಿಯ ಕಾಲು ಬಿಟ್ಟು ಇನ್ನೊಂದು ಕಾಲು ಹಿಡಿದ. “ಇದನ್ನ ಆಕಿಗೆ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.”

ಇಲ್ಲಿಯವರೆಗೆ ಹೇಳಿಲ್ಲ. ನಾಗವ್ವ ಓದು ಕಲಿತವಳಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಜೀಪನ್ನು ಟ್ರ್ಯಾಕ್ಟರಿನಿಂದ ಎಳೆಸಿ ತಂದಾಗ ವಿರೂಪಾಕ್ಷಿ ತಮಾಷೆ ಮಾಡಲಿಲ್ಲ. ಹಳೆಯ ಸಣ್ಣ ಟಾಯರು ಹಾಕಿ, ಕ್ಲಚ್ ಬದಲಿಸಿ, ಕಲ್ಲುಕ್ವಾರಿಯವರೊಬ್ಬರಿಗೆ ಕೊಟ್ಟುಬಿಟ್ಟೆವು. ಬಂದ ಹಣಕ್ಕೆ ನನ್ನದೂ ಸೇರಿಸಿ ನಾಗವ್ವನಿಗೆ ನಲವತ್ತು ಕುರಿ ಕೊಡಿಸುತ್ತೇನೆಂದು ಗುಡ್ಡಕ್ಕೆ ಹೋಗಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

“ಕೊಂಡ ಕುರಿ ಅಪ್ಪನ ಕುರಿ ಆಗ್ತಾವೇನಣ್ಣಾ?” ಎಂದಳು.

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಸಿಟ್ಟಿಲ್ಲದೆ ಹೇಳಿದಳು: “ತಪ್ಪು ನಂದು. ನಾ ನಿನ್ನ ಕೇಳಬಾರದಿತ್ತು.”

ನನಗೆ ಊಟಕ್ಕೆ ಬಡಿಸಿದಳು. ಎರಡು ರೊಟ್ಟಿ ತಿಂದೆ.

ಅವಳು ಈಗಲೂ ಫೋನು ಮಾಡುತ್ತಾಳೆ. ಹಬ್ಬಕ್ಕೆ ಕರೆಯುತ್ತಾಳೆ, ಶಾಂತವ್ವನ ಸಕ್ಕರೆ ಕಾಯಿಲೆ ವಿಚಾರಿಸುತ್ತಾಳೆ. ಮಗಳಿಗೆ ಗಂಡು ಗೊತ್ತುಮಾಡಿದಾಗಲೂ ಫೋನು ಬಂತು. ತಾರೀಖು ಹೇಳಿದಳು. ಹೋಗಿ ಬಂದೆ, ತೋರಿಸಿದ ಜಾಗದಲ್ಲಿ ಕುಳಿತು ಅಕ್ಷತೆ ಹಾಕಿದೆ. ಈ ವರ್ಷ ಮಳೆ ಬಿದ್ದ ಮೂರನೇ ದಿನ ಸಂಜೆ ಮತ್ತೆ ಫೋನು ಬಂತು.

“ಅಣ್ಣಾ, ನಿನ್ನೆ ಗುಡ್ಡಕ್ಕ ಬಂದ್ವಿ” ಎಂದಳು.

ಹಳ್ಳ ಎಷ್ಟಿತ್ತು, ಎಲ್ಲಿ ದಾಟಿದಿರಿ, ಮರಿಗಳು ಎಷ್ಟಿವೆ ಎಂದು ಕೇಳಬೇಕೆನಿಸಿತು. ಕೇಳಿದರೆ ಉತ್ತರ ಕೊಡುತ್ತಿದ್ದಳು. ಛಲೋ ಆತು ಎಂದೆ. ಅವಳು ಇಡುವವರೆಗೂ ಫೋನು ಕಿವಿಗೆ ಹಿಡಿದು ನಿಂತಿದ್ದೆ.